ಬಾಡಿಗೆ ನೆಲ

ಗೇಟಿನ ಹುಡುಗಿ ರಸೀದಿ ಹರಿದು ಕೊಟ್ಟಳು:
ಒಂದು ರಾತ್ರಿ, ಇಪ್ಪತ್ತೆರಡು ಡಾಲರ್,
ಜಾಗ ಹದಿನಾಲ್ಕು, ಸೌದೆಗೆ ಬೇರೆ ಆರು.
ಅಪ್ಪ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದ.
‘ನೆಲದ ಮೇಲೆ ಮಲಗೋದಕ್ಕೆ?’ ಅಂದ.
ಆಮೇಲೆ ಕಾರು ನಿಲ್ಲಿಸುವವರೆಗೂ ನಗುತ್ತಲೇ ಇದ್ದ,
ಕೊನೆಗೆ ಕೆಮ್ಮು ಬಂದು ನಗು ನಿಲ್ಲಿಸಿತು.

ಸೇಂಟ್ ಲೂಯಿಸ್‌ನಿಂದ ನಲವತ್ತು ನಿಮಿಷ.
ಹೆದ್ದಾರಿಯ ಸದ್ದು ಕಿವಿಯಲ್ಲಿ ಆರುವ ಮೊದಲೇ
ಮೆರಮೆಕ್ ಹೊಳೆ, ಆರಿದ ಚಹಾದ ಬಣ್ಣ,
ಯಾರದೋ ಐಸ್ ಪೆಟ್ಟಿಗೆಯ ಮುಚ್ಚಳ ಹೊತ್ತು
ಅವಸರವಿಲ್ಲದೆ ಹೋಗುತ್ತಿತ್ತು.

ತಾರಿಕ್‌ಗೆ ಹನ್ನೊಂದು. ಅವನ ಸ್ಕೌಟ್ ಬ್ಯಾಡ್ಜಿಗೆ ಬೇಕಾದದ್ದು
ಐದು ಮೈಲಿ ನಡಿಗೆ, ಒಂದು ರಾತ್ರಿಯ ಬಿಡಾರ,
ಮೂರು ಮರಗಳ ಗುರುತು, ಹಿರಿಯರೊಬ್ಬರ ಸಹಿ.
ಹಿರಿಯರು ಅಂದರೆ ನಾನೇ ಅಂದುಕೊಂಡಿದ್ದೆ.
ಅವನು ಕೇಳಿದ್ದು ದೆದೊನನ್ನು, ಅಂದರೆ ತಾತನನ್ನು.

ಕಾಲುದಾರಿಯಲ್ಲಿ ಹುಡುಗ ಮುಂದೆ, ನಾನು ನಡುವೆ.
ಬೆನ್ನ ಹಿಂದೆ ಅಪ್ಪನ ಸದ್ದೇ ಇಲ್ಲ.
ತಿರುಗಿ ನೋಡಿದರೆ ಇದ್ದಾನೆ, ಅದೇ ಲಾರಿಯ ಬೂಟು,
ಎಪ್ಪತ್ತರ ಮೊಣಕಾಲು,
ಒಣಕಡ್ಡಿಗಳನ್ನು ದಾಟಿ ದಾಟಿ ಕಾಲಿಡುತ್ತ.
‘ದೆದೊ, ಏನು ಹೀಗೆ ಬೆಕ್ಕಿನ ಥರ?’
‘ಅಭ್ಯಾಸ’ ಅಂದ. ಸಿಕಮೋರ್ ಮರದ ಬಿಳಿ ತೊಗಟೆ
ಬೆರಳಿನಿಂದ ತಟ್ಟಿ ನೋಡಿದ, ಕಲ್ಲಂಗಡಿ ಕೊಳ್ಳುವವನ ಹಾಗೆ.

ಹುಡುಗ ಹೊಳೆಯಂಚಿನಲ್ಲೇ ಗುಡಾರ ಹಾಕೋಣ ಅಂದ.
ಅಪ್ಪ ಮಾತಾಡದೆ ಗೂಟದ ಚೀಲ ಎತ್ತಿಕೊಂಡು ದಿಬ್ಬಕ್ಕೆ ನಡೆದ.
ಬಾಗಿಲು ಹೊಳೆಯ ಕಡೆಗಲ್ಲ, ದಾರಿಯ ಕಡೆಗೆ.
ಏಳು ಗಂಟೆಗೆ ರೇಂಜರ್ ಟಾಲಿವರ್ ಬಂದಳು, ಕೈಯಲ್ಲಿ ಟಾರ್ಚು:
ಗುಡಾರ ಮರದ ಚೌಕಟ್ಟಿನೊಳಗೇ ಇರಬೇಕು,
ಹತ್ತಕ್ಕೆ ಬೆಂಕಿ ಆರಿಸಬೇಕು, ಮಿಸ್ಟರ್ ಮೆ… ಮೆವ್ಲು…
‘ಮೈಕ್ ಅನ್ನಿ ಸಾಕು’ ಅಂದ ಮೆವ್ಲೂದಿನ್,
ಗೂಟ ಕಿತ್ತ. ಮತ್ತೆ ಹೊಡೆದ.
ಬಾಗಿಲು ಮಾತ್ರ ದಾರಿಯ ಕಡೆಗೇ ಉಳಿಯಿತು.

ಮೇಜಿನ ಮೇಲಿದ್ದ ರೊಟ್ಟಿಯನ್ನು ರಕೂನ್ ಕದ್ದೊಯ್ದಿತು,
ಎರಡೂ ಕೈಯಲ್ಲಿ ಹಿಡಿದು, ನಮ್ಮನ್ನೇ ನೋಡುತ್ತ.
ತಾರಿಕ್ ಕೂಗಿದ. ಅಪ್ಪ ತಡೆದ:
‘ತಿನ್ನಲಿ ಬಿಡೋ. ಇಡೀ ಪಾರ್ಕಿನಲ್ಲಿ
ರಸೀದಿ ಇಲ್ಲದವನು ಅವನೊಬ್ಬನೇ.’

ಎರಡು ಗಂಟೆಗೆ ಸೇತುವೆ ಮೇಲೆ ಗೂಡ್ಸ್ ರೈಲು.
ಎಚ್ಚರಾಯಿತು. ಪಕ್ಕದಲ್ಲಿ ಮಗನ ಉಸಿರು, ಆಚೆ ಖಾಲಿ ಚೀಲ.
ಹೊರಗೆ ಮೇಜಿನ ಬಳಿ ಅಪ್ಪ ಕೂತಿದ್ದ,
ಬೂಟಿನ ದಾರ ಬಿಗಿದು ಕಟ್ಟಿಕೊಂಡು.
ಪೂರ್ವಕ್ಕೆ ಊರಿನ ಬೆಳಕು, ಕೊಳೆತ ಕಿತ್ತಳೆಯ ಹಾಗೆ.

ಉನಾ ನದಿಯ ಕಥೆ ನನಗೆ ಗೊತ್ತಿರುವುದು ಅಮ್ಮನಿಂದ:
ಹತ್ತೊಂಬತ್ತು ರಾತ್ರಿ ಕಾಡು, ಆಮೇಲೆ ನೀರು,
ನಾಲ್ಕು ವರ್ಷದ ನಾನು ಅವನ ಬೆನ್ನ ಮೇಲೆ,
ಬಾಯಿಗೆ ತುರುಕಿದ ಸಕ್ಕರೆ ಕಟ್ಟಿದ ಬಟ್ಟೆ.
ನನಗೇನೂ ನೆನಪಿಲ್ಲ. ಸಕ್ಕರೆ ಕೂಡ.

ಪಕ್ಕ ಕೂತೆ. ಸ್ವಲ್ಪ ಹೊತ್ತು ಕಪ್ಪೆಗಳೇ ಮಾತಾಡಿದವು.
‘ಆಗ ಬೆಂಕಿ ಹಚ್ಚೋ ಹಾಗಿರಲಿಲ್ಲ’ ಅಂದ,
‘ಹಚ್ಚಿದರೆ ಕಾಣುತ್ತೆ.’
ಬಗ್ಗಿ ಬೂದಿ ಸರಿಸಿ ಊದಿದ, ಕೆಮ್ಮಿದ, ಮತ್ತೆ ಊದಿದ.
ಕೆಂಡವೊಂದು ಕಣ್ಣು ಬಿಟ್ಟಿತು.
ಆರು ಡಾಲರಿನ ಕೊನೆಯ ಸೌದೆ ಇಟ್ಟ.
‘ಅಪ್ಪಾ, ಹತ್ತು ಗಂಟೆ ಅಂದಿದ್ದಳಲ್ಲ ಅವಳು. ಕಾಣುತ್ತೆ.’
‘ಕಾಣಲಿ’ ಅಂದ,
ಜೆಜ್ವಾದಲ್ಲಿ ಕಾಫಿಗೆ ನೀರಿಟ್ಟ.

ಬೆಳಿಗ್ಗೆ ತಾರಿಕ್‌ನ ಫಾರಂನಲ್ಲಿ ಒಂದು ಕಾಲಂ:
ಹಿರಿಯರು ಈವರೆಗೆ ಬಿಡಾರ ಹೂಡಿದ ರಾತ್ರಿಗಳು.
ಅಪ್ಪ ಪೆನ್ನು ಹಿಡಿದು ತುಂಬ ಹೊತ್ತು ಹೊಳೆ ನೋಡಿದ.
ಇಪ್ಪತ್ತು ಅಂತ ಬರೆದ. ಹೊಡೆದು ಹಾಕಿದ.
ಒಂದು ಅಂತ ಬರೆದು, ತಾರೀಖಿನಲ್ಲಿ ದಿನವನ್ನು ತಿಂಗಳಿಗಿಂತ ಮೊದಲು ಹಾಕಿ,
ಸಹಿ ಮಾಡಿದ, ಪೂರ್ತಿ ಹೆಸರು.

ಇಬ್ಬನಿಗೆ ನೆನೆದ ಗುಡಾರ
ಬಂದ ಚೀಲದೊಳಗೆ ಮತ್ತೆ ಹಿಡಿಸಲೇ ಇಲ್ಲ.
ಹಿಂದಿನ ಸೀಟಿನಲ್ಲಿ ಹಾಗೇ ಹರಡಿಕೊಂಡು ಬಂತು,
ಮಣ್ಣು ಸಮೇತ.